ಬೊಲೆರೊ ಮಾತ್ರ ಮಾರಬೇಡಿ: ಹಳೆಯ ಲಕ್ಸುರಿ ಫೋರ್ ಬೈ ಫೋರ್ ಜೊತೆ ನನ್ನ ಆರು ವರ್ಷ

ಮೂಡಿಗೆರೆ ಕಡೆಯ ತೋಟದವರೊಬ್ಬರು ಕೇಳಿದ್ದಾರೆ: "ಬೆಂಗಳೂರಿನ ಡೀಲರ್ ಹತ್ತಿರ 2014ರ ಲಕ್ಸುರಿ ಡೀಸೆಲ್ ಫೋರ್ ಬೈ ಫೋರ್ ಇದೆ. ದೆಹಲಿ ರಿಜಿಸ್ಟ್ರೇಷನ್, 1.1 ಲಕ್ಷ ಕಿಲೋಮೀಟರ್ ಓಡಿದೆ, 15 ಲಕ್ಷ ಹೇಳ್ತಿದ್ದಾರೆ. ಈಗಿರುವ ಬೊಲೆರೊ ಮಾರಿ ಇದನ್ನು ತಗೊಳ್ಳಬಹುದಾ? ಇಟ್ಟುಕೊಂಡವರು ಅನುಭವ ಹೇಳಿ."

ಸರ್, ನಾನು ಸಕಲೇಶಪುರದ ಹತ್ತಿರದವನು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಇಂಥದ್ದೇ ಗಾಡಿ ಆರು ವರ್ಷದಿಂದ ನಮ್ಮ ಮನೆಯಲ್ಲಿದೆ. ಮಳೆಗಾಲದಲ್ಲಿ ತೋಟದ ಜಾರುವ ಏರು ಹತ್ತುವಾಗ ಅದರ ಮೇಲೆ ಈಗಲೂ ಪ್ರೀತಿ ಉಕ್ಕುತ್ತದೆ. ಆಸೆ ಇದ್ದರೆ ತಗೊಳ್ಳಿ, ನಾನು ತಡೆಯುವುದಿಲ್ಲ. ಆದರೆ ಬೊಲೆರೊ ಮಾರಬೇಡಿ. ಈ ಗಾಡಿ ವರ್ಷಕ್ಕೆ ಒಂದೆರಡು ಸಲ ಹತ್ತು ಹದಿನೈದು ದಿನ ಗ್ಯಾರೇಜಿನಲ್ಲಿ ಮಲಗುತ್ತದೆ. ಬಿಡಿಭಾಗ ಬರುವ ತನಕ ತೋಟದ ಕೆಲಸ ನಿಲ್ಲುವುದಿಲ್ಲ ಅಲ್ವಾ?

ಕಂಪನಿ ಹೆಸರು ಬರೆಯುವುದಿಲ್ಲ. ನಮ್ಮ ಭಾವನ ಹತ್ತಿರ ಬೇರೆ ಕಂಪನಿಯದು ಇದೆ, ಪಕ್ಕದ ತೋಟದವರ ಹತ್ತಿರ ಮತ್ತೊಂದು. ಮೂರಕ್ಕೂ ಬಂದ ಕಾಯಿಲೆ ಹೆಚ್ಚುಕಡಿಮೆ ಒಂದೇ.

ಮೊದಲು ಬೆಲೆಯ ವಿಷಯ. ದೆಹಲಿ ಗಾಡಿ ಸುಮ್ನೆ ಅಗ್ಗ ಆಗಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯ ಸುತ್ತಮುತ್ತ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗಿನಿಂದ ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಬರುವುದು ಜಾಸ್ತಿಯಾಯಿತು. ಹಾಗಾಗಿ ಅಗ್ಗ ಅಂದ ಕೂಡಲೇ ಗಾಡಿ ಕೆಟ್ಟಿದೆ ಅಂತಲ್ಲ. ಆದರೆ 70 ಲಕ್ಷದ ಗಾಡಿ 15 ಲಕ್ಷಕ್ಕೆ ಸಿಕ್ಕಿದರೂ ಅದರ ಬಿಡಿಭಾಗದ ಬೆಲೆ 70 ಲಕ್ಷದ ಗಾಡಿಯದ್ದೇ. ನಾನು ಇದನ್ನು ಮೊದಲ ಎರಡು ವರ್ಷ ಅರ್ಥ ಮಾಡಿಕೊಳ್ಳಲಿಲ್ಲ. ನಿಮ್ಮ ಕೈಯಲ್ಲಿ 15 ಲಕ್ಷ ಇದ್ದರೆ 11 ಲಕ್ಷದ ಗಾಡಿ ನೋಡಿ. ಉಳಿದ 4 ಲಕ್ಷ ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ. ಮೊದಲ ವರ್ಷವೇ ಅದು ಬೇಕಾಗುತ್ತದೆ.

ಈಗ ನನ್ನ ಗಾಡಿಯ ಕಥೆ. ಎರಡನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ಎಡಗಡೆ ತಗ್ಗಿತ್ತು. ಸ್ಟಾರ್ಟ್ ಮಾಡಿದೆ, ಎರಡು ನಿಮಿಷಕ್ಕೆ ತಾನೇ ಎದ್ದು ನಿಂತಿತು. ಎದ್ದಿತಲ್ಲ ಅಂತ ಬಿಟ್ಟೆ. ನಾಲ್ಕು ತಿಂಗಳು ಹಾಗೇ ಓಡಿಸಿದೆ.

ಈ ಗಾಡಿಗಳಿಗೆ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬೆಲ್ಲೋ ಇರುತ್ತದೆ. ವೋಲ್ವೋ ಬಸ್ಸಿನ ಕೆಳಗೆ ನೋಡಿರುತ್ತೀರಿ, ಅದೇ ತರಹ. ಒಂದು ಚಿಕ್ಕ ಕಂಪ್ರೆಸರ್ ನಾಲ್ಕಕ್ಕೂ ಗಾಳಿ ಕೊಡುತ್ತದೆ. ವರ್ಷ ಕಳೆದಂತೆ ರಬ್ಬರ್ ಮಡಚುವ ಜಾಗದಲ್ಲಿ ಬಿರುಕು ಬಿಡುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಆ ಮಡಿಕೆಯಲ್ಲಿ ಕೂತು ಉಜ್ಜುತ್ತದೆ. ಗಾಳಿ ಸ್ವಲ್ಪ ಸ್ವಲ್ಪ ಸೋರುತ್ತದೆ. ಅದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಬಿಸಿಯಾಗುತ್ತದೆ, ಸವೆಯುತ್ತದೆ, ಕೊನೆಗೆ ಸುಡುತ್ತದೆ. ನನಗೆ ಹಾಗೇ ಆಯಿತು. ಹಿಂದಿನ ಎರಡೂ ಬೆಲ್ಲೋ ಆಗಲೇ ಹಾಕಿಸಿದ್ದರೆ ಸುಮಾರು 70 ಸಾವಿರಕ್ಕೆ ಮುಗಿಯುತ್ತಿತ್ತು. ಕಂಪ್ರೆಸರ್, ರಿಲೇ ಎಲ್ಲ ಸೇರಿ 1.65 ಲಕ್ಷ ಆಯಿತು.

ನಮ್ಮ ಭಾವ ಇನ್ನೊಂದು ರೀತಿ ಪೆಟ್ಟು ತಿಂದರು. ಅವರ ಗ್ಯಾರೇಜಿನವನು ಸೋರುವ ಬೆಲ್ಲೋ ಬಿಟ್ಟು ಬರೀ ಕಂಪ್ರೆಸರ್ ಹೊಸದು ಹಾಕಿದ. ಎಂಟು ತಿಂಗಳಿಗೆ ಅದೂ ಹೋಯಿತು. ಯಾವಾಗಲೂ ಮೊದಲು ಸೋರಿಕೆ ನಿಲ್ಲಿಸಬೇಕು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ, ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ತೊಳೆಯುವಾಗ ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ ಬೆಲ್ಲೋ ಮೇಲಿನ ಮಣ್ಣು ತೊಳೆಯಿರಿ. ಬೆಲ್ಲೋ ಕಿತ್ತು ಕಬ್ಬಿಣದ ಸ್ಪ್ರಿಂಗ್ ಹಾಕಿಸುವವರೂ ಇದ್ದಾರೆ. ಪಕ್ಕದ ತೋಟದವರು ಹಾಗೇ ಮಾಡಿಸಿ ನೆಮ್ಮದಿಯಾಗಿದ್ದಾರೆ. ಆದರೆ ಬೇಕಾದಾಗ ಗಾಡಿ ಎತ್ತರಿಸುವ ಸೌಲಭ್ಯ ಹೋಗುತ್ತದೆ. ತೋಟದ ರಸ್ತೆಗೆ ನನಗೆ ಅದೇ ಮುಖ್ಯ, ಅದಕ್ಕೆ ನಾನು ಬೆಲ್ಲೋ ಉಳಿಸಿಕೊಂಡೆ.

ಇದು ದುಡ್ಡಿನ ನಷ್ಟ ಮಾತ್ರ. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಅದರ ವಿಷಯ ಹಾಗಲ್ಲ.

ಅಮ್ಮನನ್ನು ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಬಿಸಿ ಸಿಹಿ ವಾಸನೆ ಬಂತು. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇತ್ತು. ಒಂದು ನಿಮಿಷದೊಳಗೆ ಕೆಂಪಿಗೆ ಹಾರಿತು. ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಎಂಜಿನ್ ಹಿಂಬದಿಯ ಪ್ಲಾಸ್ಟಿಕ್ ಪೈಪ್ ಉದ್ದಕ್ಕೆ ಸೀಳಿ ಕೂಲೆಂಟ್ ಎಲ್ಲ ರಸ್ತೆ ಪಾಲಾಗಿತ್ತು. ಮಳೆ, ಕತ್ತಲು, ಲಾರಿಗಳು. ಅಮ್ಮನನ್ನು ಬೇರೆಯವರ ಕಾರಿನಲ್ಲಿ ಕಳಿಸಿ ಮೂರು ಗಂಟೆ ಅಲ್ಲೇ ಕಾದೆ. ಅವತ್ತಿನ ಭಯ ಇನ್ನೂ ಹೋಗಿಲ್ಲ.

ಇಂಥ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಹೌಸಿಂಗ್, ಕೂಲೆಂಟ್ ಪೈಪ್, ಟ್ಯಾಂಕ್ ಎಲ್ಲ ಪ್ಲಾಸ್ಟಿಕ್ಕಿನದೇ ಜಾಸ್ತಿ. ಕಾದು ಆರಿ, ಕಾದು ಆರಿ ಹತ್ತು ವರ್ಷಕ್ಕೆ ಹಪ್ಪಳದ ಹಾಗೆ ಆಗುತ್ತದೆ. ಮುಳ್ಳನ್ನು ನಂಬಬೇಡಿ. ಈಗಿನ ಗಾಡಿಗಳಲ್ಲಿ ಬಿಸಿ ಸ್ವಲ್ಪ ಏರಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಅಲುಗಾಡುವ ಹೊತ್ತಿಗೆ ಕಷ್ಟ ಬಂದಾಗಿರುತ್ತದೆ. "ಇನ್ನೊಂದು ಕಿಲೋಮೀಟರ್" ಅಂತ ಓಡಿಸಿದರೆ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಡೊಂಕಾಗುತ್ತದೆ. ಆಮೇಲೆ ಬಿಲ್ ಲಕ್ಷಗಳಲ್ಲಿ. ನೀವು ಈ ಗಾಡಿ ತಗೊಂಡರೆ ಮೊದಲ ತಿಂಗಳೇ ಈ ಪ್ಲಾಸ್ಟಿಕ್ ಭಾಗಗಳನ್ನು, ಹೋಸ್‌ಗಳನ್ನು, ವಾಟರ್ ಪಂಪನ್ನು ಬದಲಾಯಿಸಿ. ಕೆಟ್ಟ ಮೇಲೆ ಅಲ್ಲ, ಈಗಲೇ. ಘಾಟಿ ಇಳಿದು ಹತ್ತುವ ನಮಗೆ ಇದು ಬೇರೆಲ್ಲದಕ್ಕಿಂತ ಮುಖ್ಯ. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯಲು ಬಿಡಬೇಡಿ, ಫೋರ್ ಬೈ ಫೋರ್ ಗೇರ್ ಹಾಳಾಗುತ್ತದೆ. ಪೂರ್ತಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ಬ್ಯಾಟರಿ ಬಗ್ಗೆ ಒಂದು ಮಾತು. ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್, ಸಸ್ಪೆನ್ಷನ್, ಬ್ರೇಕ್ ಎಲ್ಲದರ ಲೈಟೂ ಹತ್ತಿತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂದರು. ಹಾಸನದ ನಮ್ಮ ಮೆಕ್ಯಾನಿಕ್ ಮೊದಲು ಮೀಟರ್ ಹಿಡಿದರು. 11.8 ವೋಲ್ಟ್ ಇತ್ತು. ತುಂಬಿದ ಬ್ಯಾಟರಿ 12.6ರ ಹತ್ತಿರ ಇರಬೇಕು. ಬ್ಯಾಟರಿ ಬದಲಾಯಿಸಿದ ಮೇಲೆ ಎಲ್ಲ ಲೈಟೂ ಹೋಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನಾಲ್ಕು ಟೈರೂ ಒಂದೇ ಸೈಜು, ಒಂದೇ ಸವೆತ ಇರಲಿ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸುವುದೇ ಬೇಕಿಲ್ಲ ಅನ್ನುವವರ ಮಾತು ಕೇಳಬೇಡಿ, 1.1 ಲಕ್ಷ ಓಡಿದ ಗಾಡಿಗೆ ಖಂಡಿತ ಬೇಕು. ತೋಟದೊಳಗೆ ಬರೀ ಎರಡೆರಡು ಕಿಲೋಮೀಟರ್ ಓಡಿಸಿದರೆ ಸೈಲೆನ್ಸರ್ ಲೈನಿನ ಫಿಲ್ಟರ್ ಮಸಿ ಕಟ್ಟುತ್ತದೆ. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ.

ಗಾಡಿಗಿಂತ ಮುಂಚೆ ಮೆಕ್ಯಾನಿಕ್ ಹುಡುಕಿ. ಶೋರೂಂ ನಮಗೆ ದೂರ, ಅಲ್ಲಿ ರಿಪೇರಿ ಅಂದರೆ ಪೂರ್ತಿ ಜೋಡಣೆಯನ್ನೇ ಬದಲಾಯಿಸುವುದು. ಒಳಗಿನ ಸೀಲ್ ಒಂದನ್ನೇ ಹಾಕಿಕೊಡುವ ಕೈ ಬೇಕು. ನಮ್ಮ ಮೆಕ್ಯಾನಿಕ್ ಸಣ್ಣಪುಟ್ಟದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುತ್ತಾರೆ. ಸಿಗದಿದ್ದರೆ ದೆಹಲಿಯ ಕಾಶ್ಮೀರಿ ಗೇಟ್‌ನಿಂದ ಪಾರ್ಸೆಲ್. ನೀವೂ ಗಾಡಿಗೆ ಹೊಂದುವ, ಅದರ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪು ಓದುವ ಒಂದು ಸ್ಕ್ಯಾನರ್ ಇಟ್ಟುಕೊಳ್ಳಿ. ತಪ್ಪಿನ ಕೋಡ್ ನಿಮಗೇ ಗೊತ್ತಿದ್ದರೆ ಅನಗತ್ಯ ಬಿಚ್ಚಾಟ ತಪ್ಪುತ್ತದೆ.

ಕಾಗದ ಪತ್ರ: ದೆಹಲಿ ಆರ್‌ಟಿಓ ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆಕ್ಷೇಪ ಇಲ್ಲ ಅನ್ನುವ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಸಾಲ ತೀರಿದ ಪತ್ರವೂ ಇರಲಿ. ಇಲ್ಲಿನ ಲೈಫ್ ಟ್ಯಾಕ್ಸ್ ನೀವು ಕೊಡುವ 15 ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ ಲೆಕ್ಕ. ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ, ಆದರೂ ದೊಡ್ಡ ಮೊತ್ತವೇ. ಆರ್‌ಟಿಓದಲ್ಲಿ ಮೊದಲೇ ಕೇಳಿ ಬರೆದುಕೊಳ್ಳಿ.

ನೋಡಲು ಹೋದಾಗ ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರಿನಲ್ಲೇ ಎಷ್ಟು ದೊಡ್ಡ ಕಾರುಗಳು ಮುಳುಗಿದವು, ನೆನಪಿದೆಯಲ್ಲ. ಅಂಥ ಗಾಡಿಯಾಗಿದ್ದರೆ 5 ಲಕ್ಷಕ್ಕೂ ಬೇಡ.

ಸಂಜೆ ನಾಲ್ಕೂ ಚಕ್ರದ ಮೇಲಿರುವ ಬಾಡಿಯ ಅಂಚು ನೆಲದಿಂದ ಎಷ್ಟಿದೆ ಅಂತ ಟೇಪಿನಲ್ಲಿ ಅಳೆಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಅಳೆಯಿರಿ, ತಗ್ಗಿದ್ದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಡೀಲರ್ ಒಂದು ರಾತ್ರಿ ಕಾಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಳತೆ ಸರಿಯಿದ್ದರೆ ನನಗೆ ತಿಳಿಸಿ. ಈ ಭಾನುವಾರ ನಾನು ಬೆಂಗಳೂರಿಗೆ ಬರುತ್ತಿದ್ದೇನೆ, ಸ್ಕ್ಯಾನರ್ ತರುತ್ತೇನೆ, ಇಬ್ಬರೂ ಸೇರಿ ನೋಡೋಣ.