ಪದವೀಧರರ ಸನ್ಮಾನ: ಎಲ್ಲರಿಗೋ, ಹೆಚ್ಚು ಅಂಕ ಪಡೆದವರಿಗೋ?

ಬೆಳ್ಳಿಚುಕ್ಕಿ: ನಮ್ಮ ವಲಸಿಗರ ಸಂಘ ಈ ಸಲವೂ ಪದವಿ ಮುಗಿಸಿದ ಮಕ್ಕಳನ್ನು ಸನ್ಮಾನಿಸಲಿದೆ. ಆದರೆ ಶೇ. 90ಕ್ಕಿಂತ ಹೆಚ್ಚು ಅಂಕ ಪಡೆದವರಿಗಷ್ಟೇ ವೇದಿಕೆಯಂತೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ತಾಯಿ ರಾತ್ರಿ ಪಾಳಿಗೆ ಹೋದಾಗ ತಮ್ಮತಂಗಿಯರನ್ನು ಮಲಗಿಸಿ ಓದಲು ಕೂತ ಹುಡುಗ ಶೇ. 65 ತೆಗೆದರೆ ಅವನ ಹೆಸರನ್ನು ಯಾರು ಕರೆಯಬೇಕು?

ಹಿರಿಯ ಸದಸ್ಯ: ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಎಲ್ಲರನ್ನೂ ಕರೆದರೆ ಸನ್ಮಾನಕ್ಕೆ ಬೆಲೆ ಉಳಿಯುತ್ತದೆಯೇ? ಕಿರಿಯರಿಗೆ ಒಂದು ಗುರಿ ಬೇಡವೇ? ನಾವು ಕಷ್ಟಪಟ್ಟು ಇಲ್ಲಿಗೆ ಬಂದದ್ದೇ ಮಕ್ಕಳು ಮುಂದೆ ಬರಲಿ ಎಂದು.

ಹೊಸಚಿಗುರು: ಹಿರಿಯರೇ, ಆ ಆಸೆಯನ್ನು ಹೊತ್ತೇ ಬೆಳೆದವಳು ನಾನು. ಹನ್ನೆರಡನೇ ವಯಸ್ಸಿಗೆ ಬ್ಯಾಂಕಿನಲ್ಲಿ ಅಪ್ಪನ ಪಕ್ಕ ಕುಳಿತು ಸಾಲದ ಷರತ್ತುಗಳನ್ನು ಅವರಿಗೆ ತಿಳಿಯುವಂತೆ ಹೇಳುತ್ತಿದ್ದೆ. ಅಧಿಕಾರಿ ಅಪ್ಪನನ್ನು ಬಿಟ್ಟು ನನ್ನ ಕಡೆಗೇ ತಿರುಗಿ ಮಾತನಾಡುತ್ತಿದ್ದರು; ಸಹಿ ಹಾಕುವ ಮುನ್ನ ಅಪ್ಪ ನನ್ನ ಮುಖ ನೋಡುತ್ತಿದ್ದರು. ನಾನು ಕಾಲೇಜಿನ ಅರ್ಜಿ ತುಂಬುವಾಗ ಮಾತ್ರ ನನ್ನ ಪಕ್ಕ ಕೂರಲು ಯಾರೂ ಇರಲಿಲ್ಲ. ಅಂಕಗಳಿದ್ದವು. ಆದರೆ ವಿದ್ಯಾರ್ಥಿವೇತನವೊಂದಿದೆ ಎಂಬುದು ತಿಳಿದಾಗ ಅದರ ಗಡುವು ಮುಗಿದಿತ್ತು.

ಲೆಕ್ಕಿಗ: ಹಾಗಾದರೆ ಸಮಾರಂಭವೇ ಬೇಡ. ಸಭಾಂಗಣ, ಫಲಕಗಳಿಗೆ ಸುರಿಯುವ ಹಣವನ್ನು ಶುಲ್ಕ ಕಟ್ಟಲಾಗದವರಿಗೆ ಕೊಡೋಣ.

ಬೆಳ್ಳಿಚುಕ್ಕಿ: ಫಲಕ ಬೇಡ, ಒಪ್ಪಿದೆ. ಸಮಾರಂಭ ಬೇಕು. ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅಲ್ಲಿನ ಮಾತು ಅರ್ಥವಾಗದೆ ಕುಳಿತಿದ್ದ ತಂದೆತಾಯಿ ಇಲ್ಲಿ ತಮ್ಮ ಭಾಷೆಯಲ್ಲೇ ಮಗಳ ಸಾಧನೆಯನ್ನು ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಚಿಕ್ಕವರೂ ಕೇಳುತ್ತಾರೆ.

ಪುಸ್ತಕಪ್ರಿಯ: ಇಲ್ಲಿ ಒಂದು ಅಧ್ಯಯನವನ್ನು ಹೇಳಲೇಬೇಕು. ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌಟ್ 1992ರಲ್ಲಿ ಅಮೆರಿಕದ ಮಯಾಮಿ ಮತ್ತು ಸ್ಯಾನ್ ಡಿಯಾಗೊ ಭಾಗಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಲಸಿಗರ ಮಕ್ಕಳನ್ನು ಮಾತನಾಡಿಸಿ, ಸುಮಾರು ಹತ್ತು ವರ್ಷ ಅವರ ಜಾಡು ಹಿಡಿದರು. ಮಗುವಿನ ಶ್ರಮವೊಂದೇ ದಾರಿಯನ್ನು ನಿರ್ಧರಿಸುವುದಿಲ್ಲ. ಹೆತ್ತವರ ಓದು, ನೆಲೆಸಿದ ದೇಶ ಅವರನ್ನು ಬರಮಾಡಿಕೊಂಡ ರೀತಿ, ಸಮುದಾಯದ ಒಗ್ಗಟ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ ಎಂದರು. ಬಡತನದ ನಡುವೆಯೂ ಪದವಿ ಮುಗಿಸಿದವರನ್ನು ಕುರಿತು 2008ರಲ್ಲಿ ಪೋರ್ಟೆಸ್ ಮತ್ತು ಪೆಟ್ರೀಷಿಯಾ ಫರ್ನಾಂಡಿಸ್-ಕೆಲ್ಲಿ ಬರೆದರು. ಅಂಥವರ ಬದುಕಿನಲ್ಲಿ ಮನೆಯವರ ಶಿಸ್ತಿನ ಜೊತೆಗೆ ಕೈಹಿಡಿದು ನಡೆಸಿದ ಒಬ್ಬ ಶಿಕ್ಷಕರೋ ಹಿತೈಷಿಯೋ ಇದ್ದದ್ದು ಕಂಡುಬಂತು.

ಹೊಸಚಿಗುರು: ಆ ಹಿತೈಷಿಗಳು ನಮ್ಮ ಪದವೀಧರರೇ ಆಗಬಹುದಲ್ಲ! ವೇದಿಕೆಗೆ ಬಂದ ಪ್ರತಿಯೊಬ್ಬರಿಗೂ ಒಂಬತ್ತನೇ ತರಗತಿಯ ಒಂದೊಂದು ಮಗುವನ್ನು ಜೊತೆ ಮಾಡಿ. ಅರ್ಜಿ, ಗಡುವು, ವಿಷಯಗಳ ಆಯ್ಕೆ, ಇವನ್ನೆಲ್ಲ ನಿನ್ನೆಮೊನ್ನೆ ದಾಟಿ ಬಂದವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಹಿರಿಯ ಸದಸ್ಯ: ಹೆಚ್ಚು ಅಂಕಕ್ಕೆ ಪ್ರತ್ಯೇಕ ಬಹುಮಾನ ಇರಲೇಬೇಕು, ಅದನ್ನು ಬಿಡುವುದಿಲ್ಲ. ಆದರೆ ಮುಗಿಸಿದವರೆಲ್ಲರೂ ವೇದಿಕೆಗೆ ಬರಲಿ. ಸಭೆಯಲ್ಲಿ ನಾನೇ ಪ್ರಸ್ತಾಪಿಸುತ್ತೇನೆ. ಅರ್ಜಿ ತುಂಬಿಸಲು ಶನಿವಾರಗಳಂದು ಸಂಘದ ಕೊಠಡಿಯನ್ನೂ ಕೇಳೋಣ.

ಹೊಸಚಿಗುರು: ಮೊದಲ ಶನಿವಾರ ನಾನಿರುತ್ತೇನೆ. ಆದಾಯದ ದಾಖಲೆಗಳನ್ನು ಜೊತೆಗೇ ತರುವಂತೆ ಹೆತ್ತವರಿಗೆ ಮೊದಲೇ ತಿಳಿಸಿಬಿಡಿ. ಅರ್ಧ ಕೆಲಸ ನಿಲ್ಲುವುದು ಅಲ್ಲೇ.