ಮೂರನೇ ಜೂನ್‌ಗೆ ಯಾರು?

ನಮ್ಮ ಮನೆ ಗುಂಪಲ್ಲಿ ಹುಟ್ಟುಹಬ್ಬ, ತಿಥಿ, ಅಡಿಕೆ ರೇಟು ಬಿಟ್ರೆ ಬೇರೆ ಮಾತು ಕಮ್ಮಿ. ಹೋದ ಭಾನುವಾರ ಮಾತ್ರ ರಾತ್ರಿ ಹನ್ನೊಂದಾದ್ರೂ ಫೋನು ಸುಮ್ಮನಾಗ್ಲಿಲ್ಲ. ಪಲ್ಲವಿ ಹೂಂ ಅಂದ ಮೇಲೇ ಇಲ್ಲಿ ಹಾಕ್ತಿದೀನಿ, ಹೆಸರು ಬದಲಾಯಿಸಿದೀನಿ. ಉಳಿದವರಿಗೆಲ್ಲ ಅವಳು ಕರೆಯೋ ಹಾಗೇ. ದೊಡ್ಡಪ್ಪ ಅಂದ್ರೆ ನನ್ನ ಭಾವ, ಚಿತ್ರದುರ್ಗದಲ್ಲಿರೋ ರಿಟೈರ್ಡ್ ಹೆಡ್‌ಮಾಸ್ತರು. ಕಿರಣ ಅವರ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರು. ಅಪ್ಪ ಅಂದ್ರೆ ಪಲ್ಲವಿಯ ಅಪ್ಪ, ನನಗೆ ಅವರೂ ಭಾವನೇ. ಪಲ್ಲವಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಚಿಕ್ಕಮ್ಮ ಅಂದ್ರೆ ನಾನು: ಚಳ್ಳಕೆರೆಯಿಂದ ಬಸ್ಸಲ್ಲಿ ಹೋಗಿ ಮೊಳಕಾಲ್ಮೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೇಲಿ ಪಾಠ ಮಾಡೋ ಅತಿಥಿ ಶಿಕ್ಷಕಿ.

ಪಲ್ಲವಿ: (ಲಿಂಕ್) ಟೀಚ್ ಫಾರ್ ಇಂಡಿಯಾ ಫೆಲೋಶಿಪ್. ಎರಡು ವರ್ಷ ಬಡ ಮಕ್ಕಳ ಶಾಲೇಲಿ ಫುಲ್ ಟೈಮ್ ಟೀಚರ್ ಕೆಲಸ. ಅಪ್ಲೈ ಮಾಡ್ತಿದೀನಿ. ಎಲ್ರೂ ಓದಿ ಹೇಳಿ.

ಅಪ್ಪ: ಆಫರ್ ಲೆಟರ್ ಬಂದಿತ್ತಲ್ಲ, ಅದೇನಾಯ್ತು?

ಪಲ್ಲವಿ: ಅದು ಹಾಗೇ ಇದೆ ಅಪ್ಪ.

ಅಪ್ಪ: ಹಾಗೇ ಇದೆ ಅಂದ್ರೆ ಏನರ್ಥ?

ಮಾವ: (ಗುಲಾಬಿ ಹೂವಿನ ಚಿತ್ರ) ಶುಭ ಭಾನುವಾರ

ಕಿರಣ: ಚಿಕ್ಕಪ್ಪ, ಟೆನ್ಷನ್ ಮಾಡ್ಕೋಬೇಡಿ. ಇದನ್ನ ಮುಗಿಸಿ ಬಂದವರು ನಮ್ಮ ಆಫೀಸಲ್ಲೂ ಇದಾರೆ. ರೆಸ್ಯೂಮೆಗೆ ಒಳ್ಳೇ ತೂಕ. ನಾಳೆ ಎಂಬಿಎಗೆ ಹಾಕ್ತೀನಿ ಅಂದ್ರೆ ಲೀಡರ್‌ಶಿಪ್ ಅಂತ ತೋರಿಸಬಹುದು.

ದೊಡ್ಡಪ್ಪ: ಬಡವರ ಮಕ್ಕಳ ತಲೆ ಮೇಲೆ ಕೈ ಪಳಗಿಸ್ಕೊಂಡು ಎಂಬಿಎ ಸೀಟು ಹಿಡಿಯೋದಾ? ಚೆನ್ನಾಗೈತೆ.

ಪಲ್ಲವಿ: ಕಿರಣಣ್ಣ, ನನ್ನ ಪರವಾಗಿ ಮಾತಾಡಬೇಡ ಪ್ಲೀಸ್. ದೊಡ್ಡಪ್ಪ, ಇದು ಹುಟ್ಟಿದ್ದು ಅಮೆರಿಕದಲ್ಲಿ. ವೆಂಡಿ ಕಾಪ್ ಅನ್ನೋರು 1989ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕೊನೇ ವರ್ಷದ ಪ್ರಬಂಧಕ್ಕೆ ಬರೆದ ಯೋಚನೆ ಇದು, ಮರುವರ್ಷವೇ ಟೀಚ್ ಫಾರ್ ಅಮೆರಿಕ ಶುರುವಾಯ್ತು. ನಮ್ಮಲ್ಲಿ ಶಾಹೀನ್ ಮಿಸ್ತ್ರಿ ಶುರು ಮಾಡಿದ್ದು. 2009ರಲ್ಲಿ ಮುಂಬೈ, ಪುಣೆಯಲ್ಲಿ ಮೊದಲ ಬ್ಯಾಚು, ಈಗ ಬೆಂಗಳೂರಲ್ಲೂ ಇದೆ. ಎರಡು ವರ್ಷ ಪಾಠ ಮಾಡೋದಷ್ಟೇ ಗುರಿ ಅಲ್ಲ. ಆ ಕ್ಲಾಸಲ್ಲಿ ನಿಂತವರು ಮುಂದೆ ಐಎಎಸ್ ಆಗ್ಲಿ, ಪೇಪರಲ್ಲಿ ಬರೀಲಿ, ಕಂಪನಿ ಮಾಡ್ಲಿ, ಇಂಥ ಶಾಲೆ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರೋ ಜನ ಮೇಲೆ ಇರಬೇಕು ಅನ್ನೋದು.

ದೊಡ್ಡಪ್ಪ: ಮೇಷ್ಟ್ರ ಕೋರ್ಸು ಡಿ.ಎಡ್ ಎರಡು ವರ್ಷ. ಆಮೇಲೆ ಅರ್ಹತೆಗೆ ಟಿಇಟಿ ಪರೀಕ್ಷೆ. ಆಮೇಲೆ ನೇಮಕಾತಿಗೆ ಸಿಇಟಿ. ಇಷ್ಟೆಲ್ಲ ದಾಟಿ ಬಂದವನಿಗೂ ಮೊದಲ ವರ್ಷ ಕ್ಲಾಸು ಹಿಡಿತಕ್ಕೆ ಬರಲ್ಲ. ಅಮೆರಿಕದ ಅವರು ಕೊಡ್ತಿದ್ದದ್ದು ಬೇಸಿಗೆ ರಜೇಲಿ ಐದು ವಾರದ ತರಬೇತಿ. ಐದು ವಾರದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡ್ತಾರಮ್ಮ, ಮಕ್ಕಳನ್ನ ಕೊಡ್ತಾರಾ? ಮೇಷ್ಟ್ರು ಆಗೋಕೇ ಎರಡು ವರ್ಷ ಬೇಕು. ಆಗೋ ಹೊತ್ತಿಗೆ ಇವರು ಗಂಟುಮೂಟೆ ಕಟ್ಟಿರ್ತಾರೆ.

ಭಾವ ಬಿಸಿಯಾದಾಗ ಒಂದರ ಹಿಂದೆ ಒಂದು ಮೆಸೇಜು ಕಳಿಸ್ತಾರೆ, ಮಧ್ಯೆ ಯಾರಿಗೂ ಜಾಗ ಬಿಡಲ್ಲ. ಇಲ್ಲಿ ಒಂದಕ್ಕೇ ಸೇರಿಸಿದೀನಿ.

ಪಲ್ಲವಿ: ಐದು ವಾರದ ಟೀಚರ್ಸ್ ಹತ್ರ ಮಕ್ಕಳು ಹಾಳಾದ್ರಾ ಅಂತಾನೂ ಅಲ್ಲಿ ಅಳೆದು ನೋಡಿದಾರೆ ದೊಡ್ಡಪ್ಪ. 2004ರಲ್ಲಿ ಮ್ಯಾಥಮ್ಯಾಟಿಕಾ ಅನ್ನೋ ಸಂಸ್ಥೆ ವರದಿ ಕೊಡ್ತು. ಒಂದೇ ಶಾಲೆ, ಒಂದೇ ತರಗತಿ, ಚೀಟಿ ಎತ್ತಿದ ಹಾಗೆ ಮಕ್ಕಳನ್ನ ಹಂಚಿ ಹೋಲಿಸಿದ್ದು. ಗಣಿತದಲ್ಲಿ ಇವರ ಮಕ್ಕಳು ಸುಮಾರು ಒಂದು ತಿಂಗಳ ಪಾಠದಷ್ಟು ಮುಂದೆ ಇದ್ರು.

ದೊಡ್ಡಪ್ಪ: ಓದೋದ್ರಲ್ಲಿ?

ಪಲ್ಲವಿ: ವ್ಯತ್ಯಾಸ ಇಲ್ಲ. ಹಿಂದೇನೂ ಬೀಳ್ಲಿಲ್ಲ, ಮುಂದೂ ಹೋಗ್ಲಿಲ್ಲ.

ನಾನು: ಪುಟ್ಟಿ, ಹೋಲಿಸಿದ್ದು ಯಾರ ಜೊತೆ ಅಂತಾನೂ ನೋಡು. ಅದೇ ಬಡ ಶಾಲೆಗಳ ಉಳಿದ ಟೀಚರ್ಸ್ ಜೊತೆ. ಅವರಲ್ಲೂ ಎಷ್ಟೋ ಜನಕ್ಕೆ ಪೂರ್ತಿ ಸರ್ಟಿಫಿಕೇಟ್ ಇರಲಿಲ್ಲ. ಹಾಗಾದ್ರೆ ಆ ವರದಿ ಹೇಳಿದ್ದು, ಅಂಥ ಶಾಲೆಗಳಿಗೆ ಸರ್ಕಾರ ಮೊದಲಿಂದ್ಲೂ ಯಾರನ್ನ ಕಳಿಸ್ತಿತ್ತು ಅಂತ.

ಕಿರಣ: ವಾಹ್ ಚಿಕ್ಕಮ್ಮ, ನೀವು ಯಾವಾಗ ಇದನ್ನೆಲ್ಲ ಓದಿದ್ರಿ?

ನಾನು: ಬಸ್ಸಲ್ಲಿ. ಹೋಗೋಕೆ ಬರೋಕೆ ಬೇಕಾದಷ್ಟು ಟೈಮ್ ಐತೆ.

ಅಪ್ಪ: ಎಜುಕೇಶನ್ ಲೋನು ಯಾರು ಕಟ್ತಾರೆ ಅಂತ ಯಾರೂ ಕೇಳ್ತಿಲ್ಲ.

ಪಲ್ಲವಿ: ಸಂಬಳ ಕೊಡ್ತಾರಪ್ಪ. ಕಂಪನಿಯಷ್ಟು ಅಲ್ಲ, ಆದ್ರೆ ಕಂತು ಕಟ್ಟಬಹುದು.

ಕಿರಣ: ಚಿಕ್ಕಮ್ಮ, ಒಂದು ಮಾತು. ಅಲ್ಲಿ ಹಾಗೆ ಎರಡು ವರ್ಷ ಪಾಠ ಮಾಡಿದ ಇಬ್ರು ಹುಡುಗರು 1994ರಲ್ಲಿ ಕಿಪ್ ಅಂತ ಶಾಲೆ ಶುರು ಮಾಡಿದ್ರು. ಮೊದಲು ಒಂದು ಕ್ಲಾಸ್‌ರೂಮು, ಈಗ ದೇಶದ ಉದ್ದಗಲಕ್ಕೂ ಅವರ ಶಾಲೆಗಳು. ಇಂಥವರು ಹುಟ್ಟಲಿ ಅಂತಾನೇ ತಾನೇ ಇದೆಲ್ಲ?

ದೊಡ್ಡಪ್ಪ: ಅಲ್ಲೇ ಇನ್ನೊಬ್ಬರೂ ಹುಟ್ಟಿದ್ರು. ವಾಷಿಂಗ್ಟನ್ನಿನ ಶಾಲೆಗಳಿಗೆಲ್ಲ ಮುಖ್ಯಸ್ಥೆ ಆದ ಮಿಶೆಲ್ ರೀ. ಅವರೂ ಇದೇ ಎರಡು ವರ್ಷದ ಗರಡಿಯವರೇ. 2010ರಲ್ಲಿ ಒಂದೇ ಏಟಿಗೆ ಇನ್ನೂರಕ್ಕೂ ಹೆಚ್ಚು ಟೀಚರ್ಸ್‌ನ ಮನೆಗೆ ಕಳಿಸಿದ್ರು. ನಾಯಕತ್ವ ಅಂದ್ರೆ ಅದೂ ನಾಯಕತ್ವಾನೇ.

ಪಲ್ಲವಿ: ಕೆಲಸ ಮಾಡದ ಮೇಷ್ಟ್ರನ್ನ ಇಟ್ಕೋಬೇಕಾ ದೊಡ್ಡಪ್ಪ? ನೀವೇ ಬೈತಿದ್ರಲ್ಲ, ಹನ್ನೊಂದಕ್ಕೆ ಬಂದು ಮೂರಕ್ಕೆ ಹೋಗ್ತಿದ್ದವರನ್ನ.

ಇದಕ್ಕೆ ಭಾವನ ಕಡೆಯಿಂದ ಉತ್ತರ ಬರಲಿಲ್ಲ. ಟೈಪಿಂಗ್ ಅಂತ ತೋರಿಸ್ತು, ನಿಂತುಹೋಯ್ತು. ಆ ಗ್ಯಾಪಲ್ಲಿ ನಾನು ಉದ್ದದ್ದೊಂದು ಬರೆದೆ.

ನಾನು: ಪಲ್ಲವಿ, ನಿನ್ನ ಮನಸ್ಸು ಒಳ್ಳೇದು, ಅದರಲ್ಲಿ ಅನುಮಾನ ಇಲ್ಲ. ನನ್ನ ಕ್ಲಾಸಿನ ಒಂದು ಮಗುವಿನ ವಿಷಯ ಹೇಳ್ತೀನಿ ಕೇಳು. ಮೂರನೇ ಕ್ಲಾಸಿನ ಹುಡುಗಿ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಶೇಂಗಾ ಕೀಳೋ ಕಾಲ ಬಂತು ಅಂದ್ರೆ ಹೊಲಕ್ಕೆ ಹೋಗ್ತಾಳೆ, ಅವ್ವನ ಜೊತೆ ಕೂತು ಕಾಯಿ ಬಿಡಿಸ್ತಾಳೆ. ವಾಪಸ್ ಬಂದ ದಿನ ಸ್ಲೇಟಲ್ಲಿ 52ರಲ್ಲಿ 17 ಕಳೀ ಅಂದೆ. 45 ಅಂತ ಬರೆದ್ಳು. ಐದರಲ್ಲಿ ಒಂದು ಹೋದ್ರೆ ನಾಲ್ಕು, ಏಳರಲ್ಲಿ ಎರಡು ಹೋದ್ರೆ ಐದು. ಯಾವುದು ದೊಡ್ಡದೋ ಅದರಲ್ಲಿ ಚಿಕ್ಕದನ್ನ ಕಳೆಯೋದು. ಸ್ಲೇಟು ಪಕ್ಕಕ್ಕೆ ಇಡಿಸಿ, ಕೈಲಿ ಐವತ್ತೆರಡು ರೂಪಾಯಿ ಕೂಲಿ ಐತೆ, ಅಂಗಡೀಲಿ ಹದಿನೇಳು ಕೊಟ್ಟೆ, ಎಷ್ಟು ಉಳೀತು ಅಂದೆ. ಥಟ್ಟಂತ ಮೂವತ್ತೈದು ಅಂದ್ಳು. ಡಬ್ಬಿಗೆ ಇಷ್ಟು ಅಂತ ಕೂಲಿ ಎಣಿಸೋ ಮನೆ ಅದು, ಬಾಯಿಲೆಕ್ಕ ತಪ್ಪಲ್ಲ. ಅವಳಿಗೆ ಕಳೆಯೋದು ಬರುತ್ತೆ, ದಶಕ ಎರವಲು ತಗೊಳ್ಳೋದನ್ನ ಸ್ಲೇಟ್ ಮೇಲೆ ತರೋದು ಬರಲ್ಲ. ನೋಟು, ಚಿಲ್ಲರೆ, ಕಡ್ಡಿ ಕಟ್ಟು ಇಟ್ಕೊಂಡು ಕೂತ್ರೆ ಬರುತ್ತೆ. ಆದ್ರೆ ಕೂತೋರು ಮುಂದಿನ ಶೇಂಗಾ ಆದ ಮೇಲೂ ಅಲ್ಲೇ ಇರಬೇಕು, ಯಾಕಂದ್ರೆ ಅವಳು ಮತ್ತೆ ಹೋಗ್ತಾಳೆ, ಮತ್ತೆ ಬರ್ತಾಳೆ.

ನಾನು: ಇದಕ್ಕೆ ಅಂತಾನೇ ನಲಿ-ಕಲಿ ಐತೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರ್ತಾರೆ. ಗೋಡೆ ಮೇಲೆ ಕಲಿಕಾ ಏಣಿ. ಮಗು ಎಲ್ಲಿ ಬಿಟ್ಟು ಹೋಗಿತ್ತೋ ಬಂದ ದಿನ ಅದೇ ಮೆಟ್ಟಿಲಿಂದ ಕಾರ್ಡು ತಗೊಳ್ಳುತ್ತೆ, ಫೇಲ್ ಇಲ್ಲ, ಪಾಠ ತಪ್ಪೋಯ್ತು ಅಂತಿಲ್ಲ. ಇದನ್ನ ಮಾಡಿದ್ದು ಯಾರು ಗೊತ್ತಾ? 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಮೇಷ್ಟ್ರುಗಳು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಶಾಲೆ ನೋಡಿ ಬಂದು, ಕೂತು ಕಾರ್ಡು ಬರೆದ್ರು. ಯುನಿಸೆಫ್ ನೆರವಿತ್ತು. ಆಮೇಲೆ 2009-10ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಬಂತು. ಅವರನ್ನ ಯಾರೂ ಲೀಡರ್ ಮಾಡೋಕೆ ಅಂತ ಕರ್ಕೊಂಡು ಬಂದಿರಲಿಲ್ಲ. ಅಲ್ಲೇ ಇದ್ರು, ಅಲ್ಲೇ ಉಳಿದ್ರು.

ದೊಡ್ಡಪ್ಪ: ಇದು ಮಾತು.

ಪಲ್ಲವಿ: ಚಿಕ್ಕಮ್ಮ, ನಿಮ್ಮ ಮಾತು ಒಪ್ತೀನಿ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಗುಂಪಲ್ಲಿ ಯಾರ ಮಕ್ಕಳು ಸರ್ಕಾರಿ ಶಾಲೆಗೆ ಹೋಗ್ತಿದಾರೆ? ದೊಡ್ಡಪ್ಪ ರಿಟೈರ್ ಆಗೋವರೆಗೂ ಸರ್ಕಾರಿ ಮೇಷ್ಟ್ರು, ಕಿರಣಣ್ಣ ಓದಿದ್ದು ಕಾನ್ವೆಂಟಲ್ಲಿ. ನಾನೂ ಅಷ್ಟೇ. ಇಪ್ಪತ್ತೊಂದು ವರ್ಷಕ್ಕೆ ನಾನು ಒಂದು ಸರ್ಕಾರಿ ಶಾಲೆ ಒಳಗೆ ಕಾಲಿಟ್ಟಿದ್ದು ಓಟು ಹಾಕೋಕೆ ಹೋದಾಗ. ಎರಡು ವರ್ಷ ಹೋಗಿ ನಿಂತ್ರೆ ತಪ್ಪು, ಜನ್ಮದಲ್ಲೇ ಹೋಗದಿದ್ರೆ ತಪ್ಪಲ್ವಾ?

ಮಾವ ಇದಕ್ಕೆ ಹೆಬ್ಬೆಟ್ಟು ಒತ್ತಿ ಬಿಟ್ರು. ಅರ್ಥ ಮಾಡ್ಕೊಂಡು ಒತ್ತಿದ್ರೋ ಸುಮ್ನೆ ಒತ್ತಿದ್ರೋ ದೇವರಿಗೇ ಗೊತ್ತು. ನನಗಂತೂ ಹುಡುಗಿ ಮೇಲೆ ಹೆಮ್ಮೆ ಬಂತು, ಚುಚ್ಚಿದ್ದು ನನಗೇ ಆದ್ರೂ.

ನಾನು: ಕೇಳಿದ್ದು ಸರಿ ಐತೆ. ನನ್ನ ಮಗನೂ ಚಳ್ಳಕೆರೇಲಿ ಇಂಗ್ಲಿಷ್ ಮೀಡಿಯಂ. ಕಾರಣ ಹೇಳ್ತೀನಿ. ಅತಿಥಿ ಶಿಕ್ಷಕರನ್ನ ತಗೊಳ್ಳೋದು ಆ ವರ್ಷಕ್ಕೆ ಮಾತ್ರ. ವರ್ಗಾವಣೆ ಮೇಲೆ ಕಾಯಂ ಮೇಷ್ಟ್ರು ಆ ಜಾಗಕ್ಕೆ ಬಂದ್ರೆ ನಡುವೇನೇ ನಾನು ಎದ್ದು ಹೋಗಬೇಕು. 2025ರ ಬಜೆಟ್‌ನಲ್ಲಿ 2,000 ಏರಿಸಿ ಪ್ರಾಥಮಿಕದವರಿಗೆ ತಿಂಗಳಿಗೆ 12,000 ಮಾಡಿದ್ರು, ಬೇಸಿಗೆ ರಜೆಗೆ ಅದೂ ಇಲ್ಲ. ನಾನು ಟಿಇಟಿ ಪಾಸು. ಇಷ್ಟಾದ್ರೂ ಜೂನ್ ಬಂದಾಗ ನಾನು ಆ ಶಾಲೇಲಿ ಇರ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಹಾಗಿರೋವಾಗ ಮಗನ್ನ ಎಲ್ಲಿಗೆ ಅಂತ ಕರ್ಕೊಂಡು ಹೋಗ್ಲಿ?

ನಾನು: ನೀನು ಎರಡು ವರ್ಷ ಮಾಡಿ ಹೋಗ್ತೀಯ, ಅದಕ್ಕೆ ನಾನು ಬೈಯಲ್ಲ. ಸರ್ಕಾರ ನಮ್ಮನ್ನ ಒಂದೊಂದೇ ವರ್ಷ ಇಟ್ಕೊಳ್ಳುತ್ತೆ, ಅದಕ್ಕಿಂತ ನೀನೇ ವಾಸಿ. ನಾನು ಕೇಳೋದು ಮೂರನೇ ಜೂನ್‌ಗೆ, ಅಂದ್ರೆ ನಿನ್ನ ಎರಡು ವರ್ಷ ಮುಗಿದು ಮತ್ತೆ ಶಾಲೆ ತೆಗೆದಾಗ, ಆ ಮಕ್ಕಳ ಮುಂದೆ ಯಾರು ನಿಲ್ತಾರೆ ಅಂತ. ಇನ್ನೊಬ್ಬ ಫೆಲೋ ಬಂದ್ರೂ ಮಗು ಮತ್ತೆ ಮೊದಲಿಂದ ಪರಿಚಯ ಮಾಡ್ಕೋಬೇಕು. ಇನ್ನೊಂದು, ನಿಮ್ಮ ಫೆಲೋಶಿಪ್ಪು ದೊಡ್ಡ ದೊಡ್ಡ ಊರಿಗೆ ಮಾತ್ರ ಐತೆ. ಮುಂಬೈ, ಡೆಲ್ಲಿ, ಚೆನ್ನೈ, ಬೆಂಗಳೂರು. ಮೊಳಕಾಲ್ಮೂರಿಗೆ ಬರೋದು ನನ್ನಂಥವರೇ.

ಪಲ್ಲವಿ: ಅಲ್ಲಿಗೆ ಬಂದಿದ್ರೆ ನಾನು ಅಲ್ಲಿಗೇ ಹಾಕ್ತಿದ್ದೆ.

ಕಿರಣ: ಹಾಸ್ಟೆಲ್ ಊಟಕ್ಕೇ ಅಳ್ತಿದ್ದವಳು ಇವಳು.

ಪಲ್ಲವಿ: ಮೂರನೇ ಜೂನ್ ಬಗ್ಗೆ ನನ್ನ ಹತ್ರ ಉತ್ತರ ಇಲ್ಲ ಚಿಕ್ಕಮ್ಮ. ಅವರು ಹೇಳೋದು ಏನಂದ್ರೆ, ಆಮೇಲೆ ಸಿಸ್ಟಂ ಬದಲಾಯಿಸೋ ಜಾಗಕ್ಕೆ ಹೋಗ್ತೀವಿ ಅಂತ.

ನಾನು: ಹೋಗ್ಲಿ. ಹೋದ ಮೇಲೆ ಮಾಡಬೇಕಾದ್ದು ಖಾಲಿ ಹುದ್ದೆ ತುಂಬಿಸೋದು. ಆ್ಯಪ್ ಮಾಡೋದಲ್ಲ, ಇನ್ನೊಂದು ಫೆಲೋಶಿಪ್ ಶುರು ಮಾಡೋದಲ್ಲ. ನಮ್ಮ ಶಾಲೆಗೆ ಬಂದು ಫೋಟೋ ತೆಗೆಸ್ಕೊಂಡು ಹೋದವರಲ್ಲಿ ಒಬ್ಬರಾದ್ರೂ ಕೇಳಿಲ್ಲ, ಇಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರೋದು ಎಷ್ಟು ಅಂತ. ಪೇಂಟ್ ಹೊಡೆಸಿ ಕೊಡ್ತಾರೆ. ಮೇಷ್ಟ್ರನ್ನ ಕೇಳಿದ್ರೆ ಅದು ನಮ್ಮ ವ್ಯಾಪ್ತೀಲಿ ಇಲ್ಲ ಅಂತಾರೆ.

ಅಪ್ಪ: ಅಂದ್ರೆ ನೀನು ಹೋಗು ಅಂತ ಹೇಳ್ತಿದೀಯಾ, ಬೇಡ ಅಂತ ಹೇಳ್ತಿದೀಯಾ?

ನಾನು: ಭಾವ, ಹೋಗ್ಲಿ ಅಂತೀನಿ. ಫಾರ್ಮಲ್ಲಿ ಬೆಂಗಳೂರು ಅಂತಾನೇ ಹಾಕ್ಲಿ, ಅಲ್ಲಿ ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡೋರಾದ್ರೂ ಒಬ್ರು ಸಿಗ್ತಾರೆ. ಹೋಗೋಕೆ ಮುಂಚೆ ಒಂದು ಶನಿವಾರ ನಮ್ಮ ಶಾಲೆಗೆ ಬರ್ಲಿ. ಬೆಳಗಿನ ಶಾಲೆ, ಮಧ್ಯಾಹ್ನ ವಾಪಸ್. ನಲಿ-ಕಲಿ ಕ್ಲಾಸಲ್ಲಿ ಒಂದು ಗುಂಪಿನ ಮಕ್ಕಳನ್ನ ಅವಳಿಗೇ ಬಿಡ್ತೀನಿ.

ಕಿರಣ: ಎಂಬಿಎ ಆಪ್ಷನ್ ಇಟ್ಕೊಂಡಿರು ಪಲ್ಲು.

ದೊಡ್ಡಪ್ಪ: ಎಂಬಿಎ ಬೇಡ. ಬಿ.ಇ ಮಾಡಿದವರಿಗೂ ಬಿ.ಎಡ್‌ಗೆ ಅವಕಾಶ ಐತೆ. 55 ಪರ್ಸೆಂಟ್ ಇರಬೇಕು. ಎರಡು ವರ್ಷ ಆದ ಮೇಲೂ ಇದೇ ಹುಮ್ಮಸ್ಸು ಇದ್ರೆ ಬಿ.ಎಡ್ ಮಾಡಿ ಟಿಇಟಿ ಬರೀಲಿ. ಆಗ ಕಾಯಂ ಮೇಷ್ಟ್ರಾಗಿ ಬರ್ಲಿ, ಹಾರ ನಾನೇ ತರ್ತೀನಿ.

ಪಲ್ಲವಿ: 55 ಇದೆ ದೊಡ್ಡಪ್ಪ, ಆರಾಮಾಗಿ.

ಅಪ್ಪ: ಮೊದಲು ಬ್ಯಾಕ್ ಉಳಿದಿರೋ ಮ್ಯಾಥ್ಸ್ ಕ್ಲಿಯರ್ ಮಾಡು.