ಮಿಷನರಿಗಳು ಗುಲಾಮಗಿರಿ ನಿಲ್ಲಿಸಿದರಾ, ನಡೆಸಿದರಾ?

ಕದ್ರಿಗುಡ್ಡ:

ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಈಗ ಇದೇ ಜಗಳ. ಬ್ರಿಟಿಷರ ಕಾಲೊನಿಗಳಲ್ಲಿ ಗುಲಾಮಗಿರಿ ಹೋದದ್ದೇ ಮಿಷನರಿಗಳಿಂದ, ಪಾರ್ಲಿಮೆಂಟಿನಲ್ಲಿ ಇದರ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಮತ್ತು ಅವರ ಜೊತೆಯವರು ಇಲ್ಲದಿದ್ದರೆ ಅದು ಇನ್ನೂ ಎಷ್ಟೋ ಕಾಲ ನಡೆಯುತ್ತಿತ್ತು ಅಂತ ಒಬ್ಬನ ವಾದ. ಮಿಷನ್ ಸಂಘಗಳೇ ಗುಲಾಮರನ್ನು ಇಟ್ಟುಕೊಂಡಿದ್ದವು, ಬೈಬಲ್ ತೋರಿಸಿ ಅವರ ಬಾಯಿ ಮುಚ್ಚಿಸಿದ್ದವು ಅಂತ ಇನ್ನೊಬ್ಬನದು. ಇಬ್ಬರೂ ಲಿಂಕ್ ಮೇಲೆ ಲಿಂಕ್ ಹಾಕುತ್ತಾರೆ, ಓದುವವರು ಯಾರೂ ಇಲ್ಲ. ನನಗೆ ಮತಾಂತರದ ಚರ್ಚೆ ಬೇಡ, ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ. ಗುಲಾಮರು ದುಡಿಯುತ್ತಿದ್ದ ಆ ಕಬ್ಬಿನ ತೋಟಗಳಲ್ಲಿ ನಿಜಕ್ಕೂ ಏನಾಯಿತು ಅಂತ ಓದಿಕೊಂಡವರು ಹೇಳಿ ಸಾಕು. ಹಾಗೆಯೇ ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ಗೂ ಈ ಕಥೆಗೂ ಏನಾದರೂ ಸಂಬಂಧ ಇದೆಯಾ?

ಹಳೇಪುಟ:

ನಿಮ್ಮ ಇಬ್ಬರು ಗೆಳೆಯರು ಹೇಳುವುದೂ ನಿಜವೇ. ಆದರೆ ಇಬ್ಬರೂ ಒಂದು ಗುಂಪನ್ನು ಬಿಟ್ಟಿದ್ದಾರೆ: ಆ ಗುಲಾಮರನ್ನು. ಡೆಮೆರಾರಾದ ಕಥೆ ಹೇಳುತ್ತೇನೆ, ಈಗಿನ ಗಯಾನಾ ದೇಶದ ಕರಾವಳಿ ಅದು. ಸ್ವಲ್ಪ ಉದ್ದ ಆಗುತ್ತದೆ.

1817ರಲ್ಲಿ ಜಾನ್ ಸ್ಮಿತ್ ಎಂಬ ಯುವಕನನ್ನು ಲಂಡನ್ ಮಿಷನರಿ ಸೊಸೈಟಿ ಅಲ್ಲಿಗೆ ಕಳಿಸಿತು. ಹೊರಡುವಾಗಲೇ ಅವನಿಗೆ ಕಟ್ಟಪ್ಪಣೆ ಇತ್ತು. ಗುಲಾಮರಿಗೆ ತಮ್ಮ ಧಣಿಗಳ ಮೇಲೆ ಬೇಸರ ಬರುವಂಥ ಒಂದು ಮಾತನ್ನೂ ಆಡಬಾರದು, ನಾಲ್ಕು ಜನರ ಎದುರೂ ಇಲ್ಲ, ಗುಟ್ಟಾಗಿಯೂ ಇಲ್ಲ. ಅಂದರೆ ಸಂಘವೇ ಅವನಿಗೆ ಗುಲಾಮಗಿರಿ ವಿಷಯ ಎತ್ತಬೇಡ ಅಂದಿತ್ತು. ಅಲ್ಲಿ ಇಳಿದ ಮೇಲೆ ಗವರ್ನರ್ ಮರ‍್ರೆ, ನೀನು ಒಬ್ಬನೇ ಒಬ್ಬ ನೀಗ್ರೋಗೆ ಓದು ಕಲಿಸಿದ್ದು ನನ್ನ ಕಿವಿಗೆ ಬಿದ್ದರೂ ಕಾಲೊನಿಯಿಂದ ಓಡಿಸುತ್ತೇನೆ ಅಂತ ಮುಖಕ್ಕೇ ಹೇಳಿದ.

ಸ್ಮಿತ್ ಮೊದಮೊದಲು ಎಷ್ಟು ಹೆದರಿದ್ದ ಅನ್ನುವುದಕ್ಕೆ ಅವನ ಡೈರಿಯೇ ಸಾಕ್ಷಿ. ಬೈಬಲ್ಲಿನ ಆದಿಕಾಂಡ ಓದಿಸುವಾಗ 13ನೇ ಅಧ್ಯಾಯದ ಕೊನೆಯ ಭಾಗ ಬಿಟ್ಟು ಮುಂದೆ ಹೋದ. ಅಬ್ರಹಾಮನ ಸಂತತಿಗೆ ಈ ನಾಡನ್ನು ಕೊಡುತ್ತೇನೆ ಅಂತ ದೇವರು ಮಾತು ಕೊಡುವ ಜಾಗ ಅದು. ಕೇಳುವವರು ಬೇರೆ ಅರ್ಥ ಮಾಡಿಕೊಂಡಾರು ಅಂತ ಅವನಿಗೆ ದಿಗಿಲು. ತಮಾಷೆ ನೋಡಿ, ಆಮೇಲೆ ಅವನ ವಿಚಾರಣೆಯಲ್ಲಿ ಇದೇ ಡೈರಿಯನ್ನು ಅವನ ಮೇಲೆಯೇ ಸಾಕ್ಷಿಯಾಗಿ ಹಿಡಿದರು.

ಅವನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಇದ್ದದ್ದು ಲ ರೆಸುವೆನಿರ್ ಎಂಬ ತೋಟದಲ್ಲಿ. ಅಲ್ಲಿ ಮುಖ್ಯ ಡೀಕನ್ (ಪಾದ್ರಿಗೆ ನೆರವಾಗುವ ಸಭೆಯ ಹಿರಿಯ) ಆಗಿದ್ದವನು ಕ್ವಾಮಿನಾ, ವಯಸ್ಸಾದ ಗುಲಾಮ, ಬಡಗಿ, ಊರಿಗೆಲ್ಲ ಬೇಕಾದವನು. ಭಾನುವಾರ ಬೇರೆ ಬೇರೆ ತೋಟದವರೆಲ್ಲ ಅಲ್ಲಿ ಸೇರುತ್ತಿದ್ದರು. ಅಷ್ಟು ಜನ ಒಟ್ಟಾಗಿ ಕೂತು ಮಾತಾಡಲು ಬೇರೆ ಯಾವ ಜಾಗವೂ ಅವರಿಗೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಧಣಿಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. 1823ರ ಮೇ ತಿಂಗಳಲ್ಲಿ, ಚಾಪೆಲ್ಲಿಗೆ ಹೋಗಬೇಕಾದರೆ ಧಣಿಯಿಂದ ಚೀಟಿ ತರಬೇಕು ಅಂತ ಗವರ್ನರ್ ಹೊಸ ಕಟ್ಟಳೆ ಮಾಡಿದ.

ಅದೇ ಹೊತ್ತಿಗೆ ಲಂಡನ್ನಿನಿಂದ ಒಂದು ಆದೇಶ ಬಂತು. ಹೆಂಗಸರಿಗೆ ಚಾಟಿಯೇಟು ಕೊಡಬಾರದು ಮುಂತಾಗಿ ಒಂದಿಷ್ಟು ಸುಧಾರಣೆ. ಅಲ್ಲಿನ ಸರ್ಕಾರ ಅದನ್ನು ಹೊರಗೆ ಹೇಳದೆ ಇಟ್ಟುಕೊಂಡಿತು. ಆದರೆ ದೊಡ್ಡವರ ಮನೆ ಕೆಲಸದವರ ಕಿವಿಗೆ ಬಿದ್ದ ಮೇಲೆ ಗುಟ್ಟು ನಿಲ್ಲುತ್ತದೆಯೇ? ರಾಜ ನಮಗೆ ಬಿಡುಗಡೆ ಕೊಟ್ಟಿದ್ದಾನೆ, ಇವರು ಮುಚ್ಚಿಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತು. ಆಗಸ್ಟ್ 18ರಂದು ಸಾವಿರಾರು ಜನ ಎದ್ದರು, ಹತ್ತು ಸಾವಿರ ಅನ್ನುತ್ತಾರೆ. ಮುಂದಾಳು ಕ್ವಾಮಿನಾನ ಮಗ ಜ್ಯಾಕ್ ಗ್ಲ್ಯಾಡ್‌ಸ್ಟನ್. ಧಣಿಗಳನ್ನು ಹೆಚ್ಚಾಗಿ ಕೊಲ್ಲಲಿಲ್ಲ, ಕೋಳಕ್ಕೆ ಹಾಕಿ ಕೂಡಿಟ್ಟರು. ಸತ್ತ ಬಿಳಿಯರು ಇಬ್ಬರೋ ಮೂವರೋ. ಗುಲಾಮರಲ್ಲಿ ಸತ್ತವರು ಇನ್ನೂರಕ್ಕೂ ಜಾಸ್ತಿ. ಕ್ವಾಮಿನಾ ದಂಗೆ ಬೇಡ, ಕೆಲಸ ನಿಲ್ಲಿಸೋಣ ಸಾಕು ಅಂದಿದ್ದವನು. ಅವನನ್ನೂ ಗುಂಡಿಕ್ಕಿ ಕೊಂದು, ಸಕ್ಸೆಸ್ ಎಂಬ ತೋಟದ ಮುಂದೆ ಹೆಣವನ್ನು ಸರಪಳಿಯಲ್ಲಿ ನೇತು ಹಾಕಿದರು.

ದಂಗೆಗೆ ಕುಮ್ಮಕ್ಕು ಕೊಟ್ಟ ಅಂತ ಸ್ಮಿತ್‌ಗೆ ಮಿಲಿಟರಿ ಕೋರ್ಟು ಮರಣದಂಡನೆ ಹಾಕಿತು, ಕ್ಷಮೆ ಕೊಡಬಹುದು ಅಂತ ಶಿಫಾರಸೂ ಸೇರಿಸಿತು. 1824ರ ಫೆಬ್ರವರಿ 6ರಂದು ಅವನು ಜೈಲಿನಲ್ಲೇ ಕ್ಷಯದಿಂದ ಸತ್ತ. ಕ್ಷಮೆಯ ಕಾಗದ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಇಂಗ್ಲೆಂಡಿನಲ್ಲಿ ಗುಲ್ಲೆದ್ದದ್ದು ಇದಕ್ಕೇ, ಜೂನ್‌ನಲ್ಲಿ ಪಾರ್ಲಿಮೆಂಟಿನಲ್ಲೂ ಬ್ರೂಮ್ ಎಂಬವನು ಇದನ್ನು ಎತ್ತಿದ. ನನಗೆ ಇಲ್ಲಿ ಸಿಟ್ಟು ಬರುವುದು ಏನಂದರೆ, ನೂರಾರು ಕರಿಯರು ಸತ್ತಾಗ ಅಲುಗಾಡದ ಊರು ಒಬ್ಬ ಬಿಳಿ ಪಾದ್ರಿ ಸತ್ತಾಗ ಎದ್ದು ಕೂತಿತು. ಆದರೂ ಎದ್ದಿತಲ್ಲ, ಅದನ್ನೂ ಹೇಳಬೇಕು.

ಮೈಸೂರ್‌ಪಾಕ್:

ಇಷ್ಟು ಹೊತ್ತು ಬಂಡಾಯಕ್ಕೆ ಸಿಕ್ಕಿಬಿದ್ದ ಪಾದ್ರಿಯ ಕಥೆ ಆಯಿತು. ಇನ್ನೊಂದು ಮುಖವನ್ನೂ ನೋಡಿ ಸ್ವಾಮಿ. ಬಾರ್ಬಡೋಸ್‌ನಲ್ಲಿ ಕಾಡ್ರಿಂಗ್ಟನ್ ಎಂಬ ದೊಡ್ಡ ಜಮೀನುದಾರ 1710ರಲ್ಲಿ ಸಾಯುವಾಗ ತನ್ನ ಎರಡು ಕಬ್ಬಿನ ತೋಟಗಳನ್ನು, ಗುಲಾಮರನ್ನೂ ಸೇರಿಸಿ, ಇಂಗ್ಲೆಂಡ್ ಚರ್ಚಿನ ಮಿಷನ್ ಸಂಘಕ್ಕೆ ಬರೆದಿಟ್ಟ. ಸುವಾರ್ತೆ ಸಾರುವ ಸಂಘ ಅಂತ ಅದರ ಹೆಸರು. ಅವರು ಏನು ಮಾಡಿದರು ಗೊತ್ತಾ? ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಅಂತ ಬರೆ ಹಾಕಿಸಿದರು. ತೋಟ ನೂರು ವರ್ಷಕ್ಕೂ ಮೀರಿ ನಡೆಯಿತು. ಗುಲಾಮಗಿರಿ ರದ್ದಾದಾಗ 411 ಜನರ ಲೆಕ್ಕದಲ್ಲಿ 8,823 ಪೌಂಡ್ ಪರಿಹಾರ ಸಿಕ್ಕಿತು, ಆ 411 ಜನರಿಗಲ್ಲ, ಸಂಘಕ್ಕೆ! 2006ರಲ್ಲಿ ಚರ್ಚು ಕ್ಷಮೆ ಕೇಳಿತು.

1807ರಲ್ಲಿ ಲಂಡನ್ನಿನಲ್ಲಿ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚು ಹಾಕಿದರು. ಅದರಲ್ಲಿ ಹಳೇ ಒಡಂಬಡಿಕೆಯ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಇಲ್ಲ. ವಿಮೋಚನಕಾಂಡದಲ್ಲಿ ಈಜಿಪ್ಟಿನಿಂದ ಬಿಡುಗಡೆ ಆಗುವ ಭಾಗವೇ ಮಾಯ. ಯೋಸೇಫನನ್ನು ಗುಲಾಮನಾಗಿ ಮಾರಿದ ಕಥೆ ಮಾತ್ರ ಭದ್ರವಾಗಿದೆ, ಸೇವೆ ಮಾಡಿ ಮೇಲೆ ಬಂದನಲ್ಲ, ಅದಕ್ಕೆ.

ಅಮೆರಿಕಾದ್ದು ಇನ್ನೂ ನೇರ. ಗುಲಾಮರನ್ನು ಇಟ್ಟುಕೊಂಡವನು ಮಿಷನರಿ ಆಗಬಹುದೇ ಅನ್ನುವ ಪ್ರಶ್ನೆಗೆ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು 1845ರಲ್ಲಿ ಒಡೆದು ಎರಡಾದರು. ಆಗಬಹುದು ಅಂದವರೇ ಸದರ್ನ್ ಬ್ಯಾಪ್ಟಿಸ್ಟರು. ಅವರು ಕ್ಷಮೆ ಕೇಳಿದ್ದು 1995ರಲ್ಲಿ.

ನೇತ್ರಾವತಿ:

ಮೈಸೂರ್‌ಪಾಕ್ ಅವರೇ, ನೀವು ಹೇಳಿದ ಆ ಕತ್ತರಿಸಿದ ಬೈಬಲ್ಲೇ ಒಂದು ವಿಷಯ ತೋರಿಸುತ್ತದೆ. ಉಳಿದ ಪುಟಗಳಲ್ಲಿ ಏನಿದೆ ಅಂತ ಅಚ್ಚು ಹಾಕಿದವರಿಗೆ ಚೆನ್ನಾಗಿ ಗೊತ್ತಿತ್ತು, ಹೆದರಿಕೆ ಇತ್ತು.

ಆ ಹೆದರಿಕೆ ಜಮೈಕಾದಲ್ಲಿ ನಿಜವೂ ಆಯಿತು. ಅಲ್ಲಿಗೆ ಬ್ಯಾಪ್ಟಿಸ್ಟ್ ಮತ ತಂದವರು ಇಂಗ್ಲಿಷ್ ಮಿಷನರಿಗಳಲ್ಲ. ಜಾರ್ಜ್ ಲೈಲ್ ಎಂಬ ಕರಿಯ, ಜಾರ್ಜಿಯಾದಲ್ಲಿ ಗುಲಾಮನಾಗಿದ್ದು ಬಿಡುಗಡೆ ಆದವನು, 1783ರಲ್ಲೇ ಅಲ್ಲಿಗೆ ಬಂದು ಕ್ರೈಸ್ತ ಸಭೆ ಕಟ್ಟಿದ. ಹೆಸರಾಂತ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಹಡಗು ಹತ್ತಿದ್ದು ಅದಕ್ಕೂ ಹತ್ತು ವರ್ಷ ಆದಮೇಲೆ. ಮಿಷನರಿ ಅಂದರೆ ಬಿಳಿಯ ಅಂತ ನಾವು ಯಾಕೆ ಅಂದುಕೊಂಡಿದ್ದೇವೋ! ಇಂಗ್ಲೆಂಡಿನವರು ಬರುವ ಹೊತ್ತಿಗೆ ಅಲ್ಲಿ ಆಗಲೇ ಕರಿಯರ ಸಭೆಗಳು, ಕರಿಯ ಡೀಕನ್‌ಗಳು ಇದ್ದರು.

ಅಂಥ ಒಬ್ಬ ಡೀಕನ್ ಸ್ಯಾಮ್ ಶಾರ್ಪ್. ಓದು ಬರುತ್ತಿತ್ತು, ಪೇಪರ್ ಓದಿ ಇತರರಿಗೆ ಹೇಳುತ್ತಿದ್ದ. ಯಾವ ಮನುಷ್ಯನಿಗೂ ಇನ್ನೊಬ್ಬನನ್ನು ಗುಲಾಮನಾಗಿ ಇಟ್ಟುಕೊಳ್ಳುವ ಹಕ್ಕಿಲ್ಲ ಅಂತ ಬೈಬಲ್ಲಿನಿಂದಲೇ ತೋರಿಸುತ್ತಿದ್ದ. ಪ್ರಾರ್ಥನೆ ಮುಗಿದ ಮೇಲೆ ಕೆಲವರನ್ನು ಉಳಿಸಿಕೊಂಡು ಪ್ರಮಾಣ ಮಾಡಿಸಿದ: ಕ್ರಿಸ್‌ಮಸ್ ರಜೆ ಮುಗಿದರೆ ಕೂಲಿ ಇಲ್ಲದೆ ಕೆಲಸಕ್ಕೆ ಹೋಗುವುದಿಲ್ಲ ಅಂತ. 1831ರ ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿತ್ತು, ಅಲ್ಲಿಂದ ಮುಷ್ಕರ ಹೋಗಿ ಯುದ್ಧ ಆಯಿತು. ಸೇರಿದವರು 60,000 ತನಕ ಅನ್ನುತ್ತಾರೆ.

ಆ ದಿನ ಮಿಷನರಿ ವಿಲಿಯಂ ನಿಬ್ ಏನು ಮಾಡುತ್ತಿದ್ದ ಗೊತ್ತಾ? ಒಂದು ಹೊಸ ಚಾಪೆಲ್ಲಿನಲ್ಲಿ ನಿಂತು, ಬಿಡುಗಡೆ ಸುದ್ದಿ ಸುಳ್ಳು, ಸುಮ್ನೆ ಕೆಲಸಕ್ಕೆ ಹೋಗಿ ಅಂತ ಜನರಿಗೆ ಬುದ್ಧಿ ಹೇಳುತ್ತಿದ್ದ! ಕೇಳಿದವರಿಗೆ ಅವನ ಮೇಲೇ ಸಿಟ್ಟು ಬಂತು. ಆದರೆ ಧಣಿಗಳಿಗೆ ಅದೆಲ್ಲ ಯಾಕೆ ಬೇಕು. ನಿಬ್‌ನನ್ನೂ ಹಿಡಿದು ಹಾಕಿದರು, ಬ್ಯಾಪ್ಟಿಸ್ಟರ, ಮೆಥಡಿಸ್ಟರ ಚಾಪೆಲ್ಲುಗಳನ್ನು ಒಂದೊಂದಾಗಿ ಕೆಡವಿದರು. 300ಕ್ಕೂ ಜಾಸ್ತಿ ಗುಲಾಮರನ್ನು ಗಲ್ಲಿಗೆ ಹಾಕಿದರು. ಗುಲಾಮನಾಗಿ ಬದುಕುವುದಕ್ಕಿಂತ ಆ ಗಲ್ಲುಗಂಬದ ಮೇಲೆ ಸಾಯುವುದೇ ಮೇಲು ಅಂದಿದ್ದ ಶಾರ್ಪ್‌ನ ಸರದಿ ಬಂದದ್ದು 1832ರ ಮೇ 23ಕ್ಕೆ.

ಇದರ ನಂತರವೇ ನಿಬ್ ಬದಲಾದದ್ದು. ಇಂಗ್ಲೆಂಡಿಗೆ ಹೋಗಿ, ಮಿಷನ್ ಸಂಘದ ಸಭೆಯಲ್ಲಿ ಗುಲಾಮಗಿರಿ ಹೋಗಲೇಬೇಕು ಅಂತ ಬಹಿರಂಗವಾಗಿ ಹೇಳಿದ. ಕಾರ್ಯದರ್ಶಿ ಹಿಂದಿನಿಂದ ಕೋಟು ಹಿಡಿದು ಎಳೆದನಂತೆ, ಸಾಕು ಕೂರು ಅಂತ. ಕೂರಲಿಲ್ಲ. ಊರೂರು ಸುತ್ತಿದ, ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಸಾಕ್ಷಿ ಹೇಳಿದ. ಮುಂದಿನ ವರ್ಷ 10 ಲಕ್ಷಕ್ಕೂ ಜಾಸ್ತಿ ಸಹಿಗಳ ಮನವಿಗಳು ಪಾರ್ಲಿಮೆಂಟಿಗೆ ಬಂದವು, ಅದರಲ್ಲಿ ಚಾಪೆಲ್ಲಿಗೆ ಹೋಗುವ ಸಾಮಾನ್ಯ ಜನರದ್ದೇ ದೊಡ್ಡ ಪಾಲು. 1833ರಲ್ಲಿ ಕಾಯ್ದೆ ಆಯಿತು.

ನಾನು ಇದನ್ನು ಹೀಗೆ ನೋಡುತ್ತೇನೆ. ಮಿಷನರಿಗಳು ಗುಲಾಮಗಿರಿ ವಿರೋಧವನ್ನು ಲಂಡನ್ನಿನಿಂದ ಹೊತ್ತು ತಂದವರಲ್ಲ. ಹೆಚ್ಚಿನವರು ಅದನ್ನು ಕಲಿತದ್ದು ತಮ್ಮ ಸಭೆಯಲ್ಲಿ ಕೂತಿದ್ದ ಗುಲಾಮರಿಂದ. ಅದೂ ಧಣಿಗಳು ತಮ್ಮ ಚಾಪೆಲ್ಲು ಸುಟ್ಟ ಮೇಲೆ, ಇನ್ನು ಎರಡೂ ಕಡೆ ಇರಲು ಆಗುವುದಿಲ್ಲ ಅಂತ ಗೊತ್ತಾದಾಗ.

ಹಳೇಪುಟ:

@ನೇತ್ರಾವತಿ ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರನ್ನು ಬಿಡಬೇಡಿ. ಗುಲಾಮರ ವ್ಯಾಪಾರ ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಸಮಿತಿ ಮಾಡಿದ 12 ಜನರಲ್ಲಿ 9 ಜನ ಅವರೇ. ಗುಲಾಮರ ಕೈಯಲ್ಲಿ ಮಾಡಿಸಿದ್ದು ಅಂತ ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟವರ ಬಗ್ಗೆ ಕೇರಿಯೇ 1792ರಲ್ಲಿ ಬರೆದಿದ್ದಾನೆ. ಊರಲ್ಲಿ ಕೂತು ವಿರೋಧಿಸುವವರು ಮೊದಲೇ ಇದ್ದರು. ತೋಟಕ್ಕೆ ಹೋದವರ ಕಥೆಯೇ ಬೇರೆ, ಧಣಿಯ ಅಪ್ಪಣೆ ಇಲ್ಲದೆ ಅಲ್ಲಿ ಕಾಲಿಡಲೂ ಆಗುತ್ತಿರಲಿಲ್ಲ.

ಕದ್ರಿಗುಡ್ಡ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಆದರೆ ಬಾಸೆಲ್ ಮಿಷನ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ 1833ರ ಕಾಯ್ದೆ ಭಾರತಕ್ಕೂ ಅನ್ವಯ ಆಯಿತಾ?

ನೇತ್ರಾವತಿ:

ಆಗಲಿಲ್ಲ ಮಾರಾಯ್ರೆ. ಈಸ್ಟ್ ಇಂಡಿಯಾ ಕಂಪನಿಯ ನಾಡನ್ನು ಆ ಕಾಯ್ದೆ ಬೇಕೆಂದೇ ಹೊರಗಿಟ್ಟಿತು. ಇಲ್ಲಿ 1843ರ ಕಾಯ್ದೆ ಬಂದ ಮೇಲೆ ಕೋರ್ಟುಗಳು ಗುಲಾಮನ ಮೇಲೆ ಧಣಿಯ ಹಕ್ಕನ್ನು ಒಪ್ಪುವುದು ನಿಂತಿತು, ಅಷ್ಟೇ. ಅಪರಾಧ ಅಂತ ಆದದ್ದು ಇಂಡಿಯನ್ ಪೀನಲ್ ಕೋಡ್ ಬಂದ ಮೇಲೆ. ನಮ್ಮ ಕೆನರಾದಲ್ಲೂ ಗದ್ದೆಯ ಜೊತೆ ಆಳುಗಳನ್ನೂ ಮಾರುವ, ಅಡ ಇಡುವ ಪದ್ಧತಿ ಇತ್ತು. 1801ರಲ್ಲಿ ಈ ಕಡೆ ತಿರುಗಿದ ಕಂಪನಿಯ ಡಾಕ್ಟರ್ ಬುಕನನ್ ಅದನ್ನು ಬರೆದಿಟ್ಟಿದ್ದಾನೆ. ಅದು ಸಮುದ್ರ ದಾಟಿಸಿ ತಂದ ಗುಲಾಮಗಿರಿ ಅಲ್ಲ, ಜಾತಿಯ ಒಳಗೇ ಕಟ್ಟಿ ಹಾಕಿದ್ದು.

ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಇಲ್ಲಿ ಗುಲಾಮಗಿರಿ ವಿರುದ್ಧ ಚಳವಳಿ ಮಾಡಿದವರು ಅಂತ ಹೇಳಿದರೆ ಜಾಸ್ತಿ ಆಗುತ್ತದೆ. ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ, ಅದು ಅವರ ದಾರಿ. ಈ ವಿಷಯದಲ್ಲಿ ನೇರವಾಗಿ ಅರ್ಜಿ ಹಾಕಿದ್ದು ಕೆಳಗೆ ತಿರುವಾಂಕೂರಿನಲ್ಲಿ. 1847ರಲ್ಲಿ ಅಲ್ಲಿನ ಮಿಷನರಿಗಳು ಒಟ್ಟಾಗಿ ಮಹಾರಾಜರಿಗೆ ಮನವಿ ಕೊಟ್ಟರು, 1855ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು.

ಆದರೆ ಬಾಸೆಲ್ ಮಿಷನ್‌ಗೆ ಆಫ್ರಿಕಾದಲ್ಲಿ ಈ ಪ್ರಶ್ನೆ ತಪ್ಪಲಿಲ್ಲ. ಈಗಿನ ಘಾನಾದಲ್ಲಿ ಅವರ ಮಿಷನರಿಗಳು ಕಾಯಿಲೆಯಿಂದ ಸಾಯುತ್ತಾ ಬಂದರು. 1843ರಲ್ಲಿ ಜಮೈಕಾ, ಆಂಟಿಗುವಾದಿಂದ ಕರಿಯ ಕ್ರೈಸ್ತ ಕುಟುಂಬಗಳನ್ನು ಅಕ್ರೊಪಾಂಗ್ ಎಂಬ ಊರಿಗೆ ಕರೆತಂದರು, ಮಿಷನ್ ಬೇರು ಬಿಟ್ಟದ್ದು ಅವರಿಂದ. ಆದರೆ ಅಲ್ಲಿ ಹೊಸದಾಗಿ ಕ್ರೈಸ್ತರಾದವರಲ್ಲೇ ಕೆಲವರ ಬಳಿ ಗುಲಾಮರಿದ್ದರು. ಬಿಡಿ ಅಂದರೆ ಸಭೆ ಒಡೆಯುತ್ತದೆ, ಸುಮ್ಮನಿದ್ದರೆ ಮರ್ಯಾದೆ ಹೋಗುತ್ತದೆ. 1860ರ ದಶಕದ ಶುರುವಿನಲ್ಲಿ ಬಾಸೆಲ್‌ನ ಸಮಿತಿ ಬಿಡಲೇಬೇಕು ಅಂತ ಹಟ ಹಿಡಿಯಿತು. ಅಲ್ಲೇ ಇದ್ದ ಮಿಷನರಿಗಳಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ.

ಹಳೇಪುಟ:

ಭಾರತದ ಮಾತು ಬಂತಲ್ಲ, ಇದನ್ನೂ ಸೇರಿಸುತ್ತೇನೆ. ಕ್ವಾಮಿನಾನ ಹೆಣ ನೇತು ಹಾಕಿದ ಆ ಸಕ್ಸೆಸ್ ತೋಟದ ಮಾಲೀಕ ಜಾನ್ ಗ್ಲ್ಯಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿ ಆದವನ ಅಪ್ಪ. ಕ್ವಾಮಿನಾನ ಮಗನಿಗೆ ಅವನದ್ದೇ ಹೆಸರು ಅಂಟಿಕೊಂಡಿತ್ತು. ಸರ್ಕಾರ ಧಣಿಗಳಿಗೆ ಕೊಟ್ಟ 2 ಕೋಟಿ ಪೌಂಡ್ ಪರಿಹಾರದಲ್ಲಿ ಇವನೊಬ್ಬನಿಗೇ ಲಕ್ಷಕ್ಕೂ ಜಾಸ್ತಿ ಸಿಕ್ಕಿತು. ಪೂರ್ತಿ ಬಿಡುಗಡೆ ಆದ ಮೇಲೆ ಅವರು ತನಗೆ ಕೆಲಸ ಮಾಡಲಿಕ್ಕಿಲ್ಲ ಅಂತ ಮೊದಲೇ ಅಂದಾಜು ಮಾಡಿ ಕಲ್ಕತ್ತದ ಒಂದು ಕಂಪನಿಗೆ ಕಾಗದ ಬರೆದ, ಆಳು ಕಳಿಸಿ ಅಂತ. 1838ರ ಮೇ ತಿಂಗಳಲ್ಲಿ ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳಲ್ಲಿ ಭಾರತದ ಕೂಲಿಗಳು ಡೆಮೆರಾರಾ ಮುಟ್ಟಿದರು, ಒಂದು ಪಾಲು ಇವನ ತೋಟಕ್ಕೇ ಹೋಯಿತು. ಹಡಗು ಹತ್ತಿದವರಲ್ಲಿ ಹಲವರು ಛೋಟಾ ನಾಗಪುರದ ಕಡೆಯ ಗುಡ್ಡಗಾಡಿನವರು.

ಗುಲಾಮಗಿರಿ ವಿರೋಧಿ ಸಂಘದವರು ಇದನ್ನೂ ಬಿಡಲಿಲ್ಲ. ಜಾನ್ ಸ್ಕೋಬಲ್ ಅಲ್ಲಿಗೇ ಹೋಗಿ ನೋಡಿ, ಕೂಲಿಗಳನ್ನು ಹೊಡೆಯುತ್ತಾರೆ, ಸಾವು ಜಾಸ್ತಿ ಅಂತ ಬಯಲಿಗೆ ತಂದ. ಸಾಗಣೆ ಕೆಲವು ವರ್ಷ ನಿಂತಿತು. 1845ರಲ್ಲಿ ಮತ್ತೆ ಶುರುವಾಗಿ 1917ರ ತನಕ ನಡೆಯಿತು, ಗಯಾನಾ ಒಂದಕ್ಕೇ ಹೋದವರು ಎರಡು ಲಕ್ಷ ದಾಟುತ್ತಾರೆ.

ಮೈಸೂರ್‌ಪಾಕ್:

ಆ ಕೂಲಿಗಳ ಹತ್ತಿರಕ್ಕೂ ಮಿಷನರಿ ಬಂದ, ಅದನ್ನು ನಾನು ಹೇಳಿಬಿಡುತ್ತೇನೆ. ಕೆನಡಾದ ಜಾನ್ ಮಾರ್ಟನ್, ಟ್ರಿನಿಡಾಡ್‌ನಲ್ಲಿ, 1868ರಿಂದ. ಭಾರತೀಯರ ಮಕ್ಕಳಿಗೆ ಶಾಲೆ ಮಾಡಿದ, ಹಿಂದಿ ಕಲಿತ. ಆ ಶಾಲೆಗಳಲ್ಲಿ ಓದಿ ಮೇಲೆ ಬಂದ ಮನೆತನಗಳು ಎಷ್ಟೋ ಇವೆ. ಈ ಸಲ ಚಾಪೆಲ್ಲಿಗೆ ಯಾರೂ ಬೆಂಕಿ ಹಚ್ಚಲಿಲ್ಲ. ಶಾಲೆಗಳಿಗೆ ತೋಟದ ಮಾಲೀಕರೇ ದುಡ್ಡು ಕೊಟ್ಟರು.